ಅಪ್ಪನ ಮುಖದ ಹಳದಿ ತೆಗೆದದ್ದು

ನನ್ನ ಕೆಲಸವೇನು ಎಂದು ಯಾರಾದರೂ ಕೇಳಿದರೆ ನಮ್ಮಮ್ಮ, "ಕಂಪ್ಯೂಟರ್‌ನಲ್ಲಿ ಬಣ್ಣ ಹಚ್ತಾಳೆ" ಎನ್ನುತ್ತಾಳೆ. ಹಚ್ಚುವುದಲ್ಲಮ್ಮ, ಸರಿಪಡಿಸುವುದು ಎಂದು ಹತ್ತು ವರ್ಷ ಹೇಳಿ ಹೇಳಿ ನನಗೆ ಬಾಯಿ ನೋವು ಬಂತು. ವಿಡಿಯೋ ಎಡಿಟಿಂಗ್ ಅಂದರೆ ಏನು, ಅದರಲ್ಲಿ ಬಣ್ಣ ನೋಡುವವರೇ ಬೇರೆ, ಅವರಿಗೆ ಕಲರಿಸ್ಟ್ ಎಂಬ ಗೌರವದ ಹೆಸರೂ ಉಂಟು ಎಂದೆಲ್ಲ ಕೂರಿಸಿಕೊಂಡು ಪಾಠ ಮಾಡಿದ್ದೇನೆ. ಅವಳು ಹೂಂ ಹೂಂ ಎಂದು ಕೇಳಿ, ಮಾರನೆಯ ದಿನ ಪಕ್ಕದ ಮನೆಯವರಿಗೆ ಮತ್ತೆ "ಬಣ್ಣ ಹಚ್ತಾಳೆ" ಎಂದೇ ಹೇಳುವಳು. ಈಗ ನಾನು ಅವಳನ್ನು ತಿದ್ದುವುದನ್ನು ಬಿಟ್ಟಿದ್ದೇನೆ.

ಯಾಕೆಂದರೆ ಈ ಸರಿಪಡಿಸುವ ವಿದ್ಯೆಯಿಂದಲೇ ನಾನು ನಮ್ಮಪ್ಪನ ಕಾಮಾಲೆಯನ್ನು ಮಾಯ ಮಾಡಿದೆ. ವಾಸಿ ಮಾಡಿದೆ ಎಂದುಕೊಳ್ಳಬೇಡಿ, ಅಷ್ಟು ಪುಣ್ಯ ಮಾಡಿಲ್ಲ. ಅವರ ಅರವತ್ತರ ಶಾಂತಿಯ ವಿಡಿಯೋದಲ್ಲಿ, ಅವರ ಹಣೆಯಿಂದ, ಕೆನ್ನೆಯಿಂದ, ಕಣ್ಣಿನ ಬಿಳಿಯಿಂದ ಹಳದಿಯನ್ನು ಎತ್ತಿ ತೆಗೆದೆ. ಅರಿಶಿನ ಇರಬೇಕು, ಶಾಮಿಯಾನದ ಬಣ್ಣ ಇರಬೇಕು, ಕ್ಯಾಮೆರಾ ಹಾಳಾಗಿರಬೇಕು ಎಂದುಕೊಂಡು ತೆಗೆದೆ. ಒಳಗೆ ಪಿತ್ತದ ನಾಳ ಕಟ್ಟಿಕೊಂಡು ಮನುಷ್ಯ ದಿನದಿನಕ್ಕೂ ಹಳದಿಯಾಗುತ್ತಿದ್ದರೆ, ಮಗಳು ಎರಡು ದಿನ ಕೂತು ಅವರನ್ನು ಗುಲಾಬಿ ಮಾಡಿದಳು. ಅದರಿಂದ ಅಪ್ಪ ಆಸ್ಪತ್ರೆಗೆ ಹೋಗುವುದು ತಡವಾಯಿತು, ಜೀವಕ್ಕೇ ಬಂತು.

ಕೆಲಸದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಮಾಡಿದ ಘನಕಾರ್ಯ ಅರ್ಥವಾಗುವುದಿಲ್ಲ. ಒಂದು ಸಮಾರಂಭವನ್ನು ಮೂರು ನಾಲ್ಕು ಕ್ಯಾಮೆರಾಗಳಲ್ಲಿ ಒಟ್ಟಿಗೆ ಹಿಡಿಯುತ್ತಾರೆ. ಒಂದು ಎದುರಿಗೆ, ಒಂದು ಪಕ್ಕಕ್ಕೆ, ಒಂದು ಜನರ ಮಧ್ಯೆ ಓಡಾಡಿಕೊಂಡು. ಆಮೇಲೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹೊಂದಿಸಿ, ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಕತ್ತರಿಸುತ್ತಾ ಹೋಗುತ್ತೇವೆ. ತೊಂದರೆ ಏನೆಂದರೆ, ಒಂದು ಮುಖದ ಬಣ್ಣದ ಬಗ್ಗೆ ಯಾವ ಎರಡು ಕ್ಯಾಮೆರಾಗಳೂ ಒಪ್ಪುವುದಿಲ್ಲ. ಒಂದರಲ್ಲಿ ಮದುಮಗ ಕೆಂಪಗೆ, ಇನ್ನೊಂದರಲ್ಲಿ ಹಸಿರು, ಮೂರನೆಯದರಲ್ಲಿ ನಾಲ್ಕು ದಿನ ಉಪವಾಸ ಬಿದ್ದವನ ಹಾಗೆ ನೀಲಿ. ಕತ್ತರಿಸಿದಾಗಲೆಲ್ಲ ಬಣ್ಣ ಬದಲಾದರೆ ನೋಡುವವರಿಗೆ ತಲೆ ತಿರುಗುತ್ತದೆ. ಆದ್ದರಿಂದ ಒಂದು ಕ್ಯಾಮೆರಾವನ್ನು ಯಜಮಾನ ಎಂದು ಆರಿಸಿಕೊಂಡು, ಉಳಿದವನ್ನೆಲ್ಲ ಅದರ ಬಣ್ಣಕ್ಕೆ ತರುವುದು ನನ್ನ ಕೆಲಸ. ಯಜಮಾನನನ್ನು ಸರಿಯಾಗಿ ಆರಿಸುವುದರಲ್ಲೇ ಎಲ್ಲ ಇರುವುದು. ಹೊಸದಾಗಿ ಸೇರಿದವರಿಗೆ ಈ ಮಾತನ್ನು ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿಕೊಡುತ್ತೇನೆ.

ನಮ್ಮ ಸ್ಟುಡಿಯೋ ದಿಲ್ಲಿಯ ಓಖ್ಲಾದಲ್ಲಿ, ಒಂದು ಗಾರ್ಮೆಂಟ್ ಕಟ್ಟಡದ ಬೇಸ್‌ಮೆಂಟಿನಲ್ಲಿದೆ. ಮೇಲೆ ಇಡೀ ದಿನ ಹೊಲಿಗೆ ಯಂತ್ರಗಳ ಸದ್ದು. ಕೆಳಗೆ ನಾವು ಕಿಟಕಿಯೇ ಇಲ್ಲದ ಕೋಣೆಯಲ್ಲಿ ಕೂತು, ಬಿಸಿಲು ಯಾವ ಬಣ್ಣಕ್ಕಿರಬೇಕು ಎಂದು ತೀರ್ಮಾನಿಸುತ್ತಿರುತ್ತೇವೆ. ಮಾನೇಸರ್‌ನ ಕಾರ್ಖಾನೆಗಳ ವಾರ್ಷಿಕೋತ್ಸವ, ಕೋಚಿಂಗ್ ಕ್ಲಾಸಿನ ಮೇಷ್ಟರ ಪಾಠ, ಎಲ್ಲ ಬರುತ್ತವೆ. ಆದರೆ ನಮ್ಮ ಹೊಟ್ಟೆ ಹೊರೆಯುವುದು ಮದುವೆಗಳು. ದಿಲ್ಲಿ ಮದುಮಗಳಿಗೆ ನಮ್ಮಲ್ಲಿ ವಿಶೇಷ ಉಪಚಾರವಿದೆ. ಮುಖದ ಸುತ್ತ ಒಂದು ಗೆರೆ ಎಳೆದು, ಆ ಗೆರೆ ಮುಖದ ಜೊತೆಗೇ ಓಡಾಡುವಂತೆ ಮಾಡಿ, ಅದರೊಳಗೆ ಮಾತ್ರ ಬಣ್ಣ ತಿದ್ದುತ್ತೇವೆ. ಇದಕ್ಕೆ ಮಾಸ್ಕ್ ಎನ್ನುತ್ತಾರೆ. ಕಡೆಗೆ ಕಣ್ಣುಗಳಿಗೆ ಒಂದೊಂದು ಪುಟ್ಟ ಮಾಸ್ಕ್, ಕಣ್ಣಿನ ಬಿಳಿ ಹಾಲಿನ ಹಾಗೆ ಬರಲಿ ಎಂದು. ನಮ್ಮ ಬಾಸ್ ಬೆನ್ನ ಹಿಂದೆ ಬಂದು ನಿಂತು, "ಥೋಡಾ ಔರ್ ಗೋರಾ, ಬೇಟಾ, ಥೋಡಾ ಔರ್" ಎನ್ನುತ್ತಾರೆ. ಮೊದಮೊದಲು ನಾನು ಸಿಡುಕುತ್ತಿದ್ದೆ. ಕಪ್ಪಿರುವ ಹುಡುಗಿ ಕಪ್ಪಗೇ ಇದ್ದರೆ ಯಾರಪ್ಪನ ಗಂಟು ಹೋಗುತ್ತದೆ ಎಂದು ಭಾಷಣ ಬಿಗಿಯುತ್ತಿದ್ದೆ. ಆಮೇಲೆ ಸಿಡುಕು ಹೋಯಿತು, ಉಪಚಾರ ಉಳಿಯಿತು. ಈಗ ಮುಖ ಕಂಡರೆ ಸಾಕು, ಬೆರಳು ತಾನಾಗಿಯೇ ಗೆರೆ ಎಳೆಯುತ್ತದೆ.

ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ, ಸೆಕ್ಷನ್ ಆಫೀಸರ್ ಆಗಿ, ಅರವತ್ತಕ್ಕೆ ರಿಟೈರ್ ಆದವರು. ಇಡೀ ಸರ್ವೀಸಿನಲ್ಲಿ ಕಾಯಿಲೆ ರಜೆ ಹಾಕಿದ್ದು ಬೆರಳೆಣಿಕೆಯಷ್ಟು ಸಲ, ಅದೂ ಅಮ್ಮನ ಕಾಯಿಲೆಗೆ. ರಿಟೈರ್ ಆದಮೇಲೆ ಊಟ ಕಡಿಮೆಯಾಯಿತು. ಸಂಜೆ ವಾಕಿಂಗಿಗೆ ಹೋಗಿ ಅರ್ಧ ದಾರಿಗೆ ವಾಪಸು ಬರುತ್ತಿದ್ದರು. ಅಮ್ಮ ಕೇಳಿದರೆ, "ಆಫೀಸ್ ಇಲ್ಲ, ಹಸಿವಿಲ್ಲ. ಅದರಲ್ಲೇನಿದೆ?" ಎನ್ನುತ್ತಿದ್ದರಂತೆ. ಅಪ್ಪ ಅಮ್ಮ ಇರುವ ಫರೀದಾಬಾದಿನ ಸೆಕ್ಟರಿನಲ್ಲಿ ರಿಟೈರ್ ಆದ ಗಂಡಸರೆಲ್ಲ ಸಪ್ಪಗಿರುವುದೇ ರೂಢಿಯಾದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ನಾನು ಓಖ್ಲಾ ಹತ್ತಿರ ಬಾಡಿಗೆ ಮನೆಯಲ್ಲಿದ್ದೆ. ಭಾನುವಾರ ಬಂದು ತಿಂದು, ಮಲಗಿ, ಡಬ್ಬಿ ತುಂಬಿಸಿಕೊಂಡು ಹೋಗುವ ಮಗಳು.

ಶಾಂತಿಗೆ ನಮ್ಮ ಬ್ಲಾಕಿನ ಎದುರಿನ ಪಾರ್ಕಿನಲ್ಲಿ ಶಾಮಿಯಾನ ಹಾಕಿಸಿದ್ದಾಯಿತು. ಟೆಂಟ್‌ನ ಭಯ್ಯಾಗೆ ಅಮ್ಮ ಬಿಳಿ ಬಟ್ಟೆಯದು ಹಾಕಿ ಎಂದು ಹೇಳಿದ್ದಳು. ಅವನು "ಬಿಲ್ಕುಲ್ ಆಂಟೀಜಿ" ಎಂದು ಅಪ್ಪಟ ಹಳದಿಯದು ಕಟ್ಟಿಹೋದ. ಬೆಳಗಿನ ಬಿಸಿಲು ಅದರ ಮೂಲಕ ಇಳಿದು ಪುರೋಹಿತರು, ಕಳಶ, ಇಡ್ಲಿ ಪಾತ್ರೆ, ನೆಂಟರು ಎಲ್ಲರೂ ಅರಿಶಿನದಲ್ಲಿ ಅದ್ದಿ ತೆಗೆದಂತಿದ್ದರು. ಸಾಲದ್ದಕ್ಕೆ ಅಪ್ಪನ ಹೆಗಲ ಮೇಲೆ ಹಳದಿ ಶಲ್ಯ, ಕೊರಳಲ್ಲಿ ಚೆಂಡುಹೂವಿನ ಹಾರ. ಅವತ್ತು ಒಂದು ಮುಖ ನಿಜವಾಗಿಯೂ ಹಳದಿಯಾಗಿದ್ದರೆ ಕಂಡುಹಿಡಿಯುವುದು ಯಾರಿಂದಲೂ ಆಗುತ್ತಿರಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ಸುಳ್ಳು, ಒಂದು ಕ್ಯಾಮೆರಾ ಕಂಡುಹಿಡಿದಿತ್ತು.

ಕ್ಯಾಮೆರಾಗಳು ಮೂರು. ಮೊದಲನೆಯದು ಸ್ಟುಡಿಯೋದಿಂದ ನಾನು ತಂದು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದು. ಮಗಳಾದ ನಾನು ಅಪ್ಪ ಅಮ್ಮನ ತಲೆಗೆ ಕಳಶದ ನೀರು ಹಾಕಬೇಕು, ಹಸೆ ಪಕ್ಕ ಕೂರಬೇಕು. ಹಾಗಾಗಿ ಅದು ತನ್ನಷ್ಟಕ್ಕೆ ಓಡುತ್ತಿತ್ತು. ಎರಡನೆಯದು ಪಕ್ಕದ ಬ್ಲಾಕಿನ ಸುಬೇದಾರ್ ಅಂಕಲ್‌ದು. ಅವರು ಕೊಡಗಿನವರು, ಸೈನ್ಯದಿಂದ ರಿಟೈರ್ ಆಗಿ ಇಲ್ಲೇ ನಿಂತವರು, ಕನ್ನಡದವರ ಯಾವ ಕಾರ್ಯಕ್ರಮವಿದ್ದರೂ ತಮ್ಮ ಹಳೇ ಕ್ಯಾಮೆರಾ ಹಿಡಿದು ಹೊತ್ತಿಗೆ ಮುಂಚೆ ಹಾಜರು. ಮೂರನೆಯದು ನನ್ನ ಚಿಕ್ಕಪ್ಪನ ಮಗಳ ಫೋನು. ಅವಳು ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. "ಅಕ್ಕ, ಡೋಂಟ್ ವರಿ, ಕ್ಯಾಂಡಿಡ್ಸ್ ಸಬ್ ಮೇರಾ" ಎಂದು, ಜನ ನೋಡದಿದ್ದಾಗ ಹಿಡಿಯುವ ಚಿತ್ರಗಳ ಜವಾಬ್ದಾರಿ ಹೊತ್ತುಕೊಂಡಳು.

ಮುಂದಿನ ವಾರ ಬಾಸ್ ಹತ್ತಿರ ಎರಡು ದಿನ ಬಿಡುವು ಕೇಳಿ, ಸ್ಟುಡಿಯೋದಲ್ಲೇ ಅಪ್ಪನ ವಿಡಿಯೋ ಹಾಕಿಕೊಂಡು ಕೂತೆ. ಊರ ಜನರ ಮದುವೆಗಳನ್ನೆಲ್ಲ ಚೆಂದ ಮಾಡಿಕೊಟ್ಟವಳು ಸ್ವಂತ ಅಪ್ಪನದನ್ನು ಕಳಪೆ ಮಾಡಿಕೊಡಲಾದೀತೇ? ಮೊದಲ ಕ್ಯಾಮೆರಾದಲ್ಲಿ ಇಡೀ ಲೋಕವೇ ಹಳದಿಯಾಗಿತ್ತು, ನಿರೀಕ್ಷಿಸಿದ್ದೇ. ಇಂಥದ್ದಕ್ಕೆ ನಮ್ಮಲ್ಲಿ ಸುಲಭ ಉಪಾಯವಿದೆ. ದೃಶ್ಯದಲ್ಲಿ ನಿಜವಾಗಿಯೂ ಬಿಳಿಯಾಗಿರುವ ಒಂದು ವಸ್ತುವನ್ನು ಹಿಡಿದು ಅದನ್ನು ಬಿಳಿ ಮಾಡಿದರೆ ಉಳಿದದ್ದೆಲ್ಲ ತಾನಾಗಿ ದಾರಿಗೆ ಬರುತ್ತದೆ. ಪುರೋಹಿತರ ಪಂಚೆ ಹಿಡಿದೆ. ಪಂಚೆ ಬೆಳ್ಳಗಾಯಿತು, ಪುರೋಹಿತರು ಮನುಷ್ಯರ ಬಣ್ಣಕ್ಕೆ ಬಂದರು, ಅಮ್ಮ ಬಂದಳು, ಅತ್ತೆ ಬಂದಳು, ನಾನು ಬಂದೆ. ಅಪ್ಪ ಮಾತ್ರ ಬರಲಿಲ್ಲ.

ಹಾಳು ಶಲ್ಯ ಎಂದು ಬೈದುಕೊಂಡೆ. ಶಲ್ಯದ ಹಳದಿ ಗಲ್ಲಕ್ಕೆ ಬೀಳುತ್ತಿದೆ, ಮಂಗಳಸ್ನಾನದ ಅರಿಶಿನ ಸರಿಯಾಗಿ ತೊಳೆದುಕೊಂಡಿಲ್ಲ, ಈ ಮನುಷ್ಯನಿಗೆ ಸೋಪು ಹಚ್ಚಿಕೊಳ್ಳಲೂ ಸೋಮಾರಿತನ ಎಂದು ಒಬ್ಬಳೇ ಗೊಣಗಿದೆ. ಸುಬೇದಾರ್ ಅಂಕಲ್ ಕ್ಯಾಮೆರಾ ತೆರೆದೆ. ಅದರಲ್ಲಿ ನಾನು ಏನೂ ತಿದ್ದುವ ಮೊದಲೇ ಪಂಚೆ ಬೆಳ್ಳಗಿತ್ತು, ಅಮ್ಮ ಅಮ್ಮನ ಬಣ್ಣಕ್ಕಿದ್ದಳು, ಅಪ್ಪ ಮೊದಲ ಕ್ಯಾಮೆರಾಗಿಂತಲೂ ಹಳದಿಯಾಗಿದ್ದರು. ಶಲ್ಯ ತೆಗೆದು ಕೂತಾಗಲೂ ಹಳದಿ. ನಮ್ಮ ತಂತ್ರಾಂಶದಲ್ಲಿ ಒಂದು ಗೆರೆಯಿದೆ. ಕರಿಯನಿರಲಿ ಬಿಳಿಯನಿರಲಿ, ಚರ್ಮದ ಬಣ್ಣವನ್ನು ಅಳೆದರೆ ಚುಕ್ಕೆಗಳು ಹೆಚ್ಚುಕಡಿಮೆ ಆ ಗೆರೆಯ ಮೇಲೇ ಬೀಳಬೇಕು. ಅಪ್ಪನ ಮುಖದ ಚುಕ್ಕೆಗಳು ಗೆರೆ ಬಿಟ್ಟು ಆಚೆ ಹೋಗಿ ಕೂತಿದ್ದವು. ಯಂತ್ರ ಬೆರಳಿಟ್ಟು ತೋರಿಸುತ್ತಿತ್ತು, ನೋಡಮ್ಮ, ಇವರು ಸರಿಯಿಲ್ಲ ಅಂತ.

ನಾನೇನು ಮಾಡಿದೆ ಗೊತ್ತೇ? ಫೋನ್ ಎತ್ತಿ ಸುಬೇದಾರ್ ಅಂಕಲ್‌ಗೆ ಪಾಠ ಮಾಡಿದೆ.

"ಅಂಕಲ್, ನಿಮ್ಮ ಕ್ಯಾಮೆರಾ ವೈಟ್ ಬ್ಯಾಲೆನ್ಸ್ ತಪ್ಪಾಗಿದೆ. ಅಪ್ಪ ಪೂರ್ತಿ ಹಳದಿ ಬಂದಿದಾರೆ."

"ಇಲ್ಲಮ್ಮಾ," ಎಂದರು ಅವರು. "ಶುರು ಮಾಡೋ ಮೊದಲು ಶಾಮಿಯಾನದ ಕೆಳಗೇ ಬಿಳೀ ಪೇಪರ್ ಹಿಡ್ದು ಸೆಟ್ ಮಾಡಿದ್ದೆ. ಎರಡು ಸಲ ಮಾಡಿದ್ದೆ."

"ಹಾಗಾದ್ರೆ ಸೆನ್ಸರ್ ಹಳೇದಾಗಿರ್ಬೇಕು ಅಂಕಲ್. ಹಳೇ ಕ್ಯಾಮೆರಾಗಳಲ್ಲಿ ಹೀಗಾಗತ್ತೆ. ಹೊಸದು ತಗೊಂಬಿಡಿ."

"ಅಚ್ಛಾ, ಇರಬಹುದು. ನಿನಗೆ ಗೊತ್ತಿರತ್ತೆ," ಎಂದು ಪಾಪ ಅವರು ಫೋನ್ ಇಟ್ಟರು. ಗಡಿಯಲ್ಲಿ ಜೀವಮಾನ ಕಳೆದ ಮನುಷ್ಯನಿಗೆ ಬಿಳಿ ಕಾಗದ ಯಾವುದೆಂದು ತಿಳಿಯದು, ಬೇಸ್‌ಮೆಂಟಿನಲ್ಲಿ ಕೂತವಳಿಗೆ ತಿಳಿಯುತ್ತದೆ. ಎಷ್ಟು ಕೊಬ್ಬಿರಬೇಕು ನನಗೆ!

ಮೂರನೆಯದು ತಂಗಿಯ ಫೋನು. ತೆರೆದ ತಕ್ಷಣ ಜೀವ ತಂಪಾಯಿತು. ಅಪ್ಪ ಗುಲಾಬಿ ಬಣ್ಣದಲ್ಲಿ ಕಳಕಳಿಸುತ್ತಿದ್ದರು. ಕೆನ್ನೆಗೆ ಕೆಂಪು, ಕಣ್ಣಿಗೆ ಹೊಳಪು, ಹಣೆಯ ಮೇಲಿನ ಸುಕ್ಕೂ ಅರ್ಧ ಮಾಯ. ಬ್ಯೂಟಿ ಮೋಡ್ ಹಾಕಿಕೊಂಡು ಹಿಡಿದಿದ್ದಾಳೆ ಎಂಬುದು ನನಗೆ ಗೊತ್ತಾಯಿತು. ಅಪ್ಪನ ಕಿವಿಯೂ ಗುಲಾಬಿ, ಪಕ್ಕದಲ್ಲಿದ್ದ ಹಿತ್ತಾಳೆ ದೀಪವೂ ಸ್ವಲ್ಪ ಗುಲಾಬಿ. ಗೊತ್ತಾಗಿಯೂ ನಾನು ಅದನ್ನೇ ಯಜಮಾನ ಎಂದು ಆರಿಸಿದೆ. ಮೂರರಲ್ಲಿ ಹಸಿ ಸುಳ್ಳು ಹೇಳುತ್ತಿದ್ದ ಒಂದೇ ಕ್ಯಾಮೆರಾ ಅದು. ಆದರೆ ನನ್ನ ಮನಸ್ಸಿನಲ್ಲಿದ್ದ ಅಪ್ಪ ಸಿಕ್ಕಿದ್ದು ಅದರಲ್ಲಿಯೇ.

ಎರಡು ದಿನ ಅಪ್ಪನ ಮುಖದ ಸುತ್ತ ಗೆರೆ ಎಳೆದೆ. ಅವರು ತಲೆ ಬಗ್ಗಿಸಿದರೆ ಗೆರೆ ಬಗ್ಗಬೇಕು, ಅಮ್ಮ ಅಡ್ಡ ಬಂದರೆ ಗೆರೆ ಅವಳ ಹಿಂದೆ ಸರಿಯಬೇಕು. ಹೋಮದ ಹೊಗೆಗೆ ಅವರು ಕಣ್ಣು ಉಜ್ಜಿಕೊಂಡಲ್ಲಿ ಒಂದೊಂದೇ ಫ್ರೇಮ್ ಹಿಡಿದು ಕೈಯಲ್ಲಿ ಸರಿಸಿದೆ. ಅವರು ಪದೇಪದೇ ಮುಂಗೈ ಕೆರೆದುಕೊಳ್ಳುತ್ತಿದ್ದರು, ಮಾಸ್ಕ್ ಅಲುಗಾಡುತ್ತಿತ್ತು. ಕೆರೆಯುವುದನ್ನು ನಿಲ್ಲಿಸಬಾರದೇ ಅಪ್ಪ ಎಂದು ರೇಗಿ, ಅಂಥ ಕಡೆಗಳನ್ನೆಲ್ಲ ಕತ್ತರಿಸಿ ಅಮ್ಮನ ಮುಖ ಹಾಕಿದೆ. ಚರ್ಮದ ಬಣ್ಣದ ಚುಕ್ಕೆಗಳನ್ನು ಎಳೆದು ತಂದು ಯಂತ್ರದ ಗೆರೆಯ ಮೇಲೆ ಕೂರಿಸಿದೆ. ಕೊನೆಗೆ, ಮದುಮಗಳಿಗೆ ಮಾಡುವ ಅಭ್ಯಾಸಬಲದಿಂದ, ಕಣ್ಣಿನ ಬಿಳಿಯನ್ನೂ ಹಾಲು ಮಾಡಿದೆ. ಬಾಸ್ ನೋಡಿ, "ಕ್ಯಾ ಬಾತ್ ಹೈ, ಪಾಪಾಜಿ ತೋ ಹೀರೋ ಲಗ್ ರಹೇ ಹೈಂ" ಎಂದರು. ನಾನು ಉಬ್ಬಿಹೋದೆ.

ವಿಡಿಯೋ ನೆಂಟರ ಗುಂಪಿಗೆಲ್ಲ ಹೋಯಿತು. ಹೊಗಳಿಕೆಯೋ ಹೊಗಳಿಕೆ. ಮೈಸೂರಿನಿಂದ ಬಂದು ಹೋಗಿದ್ದ ಅತ್ತೆ ಅಮ್ಮನಿಗೆ ಫೋನ್ ಮಾಡಿ, "ಅಲ್ಲ ಕಣೇ, ಎದುರಿಗೆ ನೋಡ್ದಾಗ ನಮ್ಮಣ್ಣ ಯಾಕೋ ಬಾಡ್ಹೋಗಿದಾನೆ ಅನ್ನಿಸಿತ್ತು. ವಿಡಿಯೋ ನೋಡಿ ಸಮಾಧಾನ ಆಯ್ತು, ಗುಂಡುಕಲ್ಲಿನ ಹಾಗಿದಾನೆ" ಎಂದಳಂತೆ. ಅಣ್ಣನನ್ನು ಕಣ್ಣಾರೆ ನೋಡಿ ಬಂದವಳ ಅನುಮಾನವನ್ನೂ ನನ್ನ ಕೈಚಳಕ ಪರಿಹರಿಸಿತ್ತು. ಅಪ್ಪ ಸುಸ್ತು ಎಂದಾಗಲೆಲ್ಲ ಅಮ್ಮ, "ಏನೂ ಆಗಿಲ್ಲ ನಿಮಗೆ, ವಿಡಿಯೋ ನೋಡ್ಕೊಳಿ, ಹೇಗಿದೀರಾ" ಎನ್ನತೊಡಗಿದಳು. ನಾನು ಎರಡು ಭಾನುವಾರ ಕೆಲಸವಿದೆ ಎಂದು ಮನೆಗೆ ಹೋಗಲಿಲ್ಲ. ಯಾರದೋ ಮದುಮಗಳು ಬೆಳ್ಳಗಾಗುವುದು ಬಾಕಿಯಿತ್ತು.

ಕಂಡುಹಿಡಿದದ್ದು ಕನ್ನಡಕದ ಅಂಗಡಿಯವನು. ಅಪ್ಪ ಒಂದು ಬೆಳಿಗ್ಗೆ ಅಮ್ಮನಿಗೂ ಹೇಳದೆ ಮಾರ್ಕೆಟ್ಟಿಗೆ ಹೋಗಿ ಕಣ್ಣು ಪರೀಕ್ಷೆಗೆ ಕೂತಿದ್ದಾರೆ. ಅಂಗಡಿಯವನು ಟಾರ್ಚ್ ಬಿಟ್ಟು ನೋಡಿದವನೇ, "ಅಂಕಲ್‌ಜೀ, ಚಶ್ಮಾ ಬಾದ್ ಮೇ. ಪೆಹಲೇ ಡಾಕ್ಟರ್ ಕೋ ದಿಖಾವೋ" ಎಂದು ಅಂಗಡಿ ಬಿಟ್ಟು ಎದ್ದು ಬಂದು ಆಟೋ ಹತ್ತಿಸಿದನಂತೆ. ಅವನಿಗೆ ಬಣ್ಣದ ಗೆರೆ, ಚುಕ್ಕೆ ಒಂದೂ ಗೊತ್ತಿಲ್ಲ. ಕಣ್ಣು ಹಳದಿಯಾಗಿದ್ದರೆ ಹಳದಿ ಎನ್ನುವಷ್ಟು ಬುದ್ಧಿ ಇತ್ತು. ನಾನು ಓಖ್ಲಾದಿಂದ ಆಸ್ಪತ್ರೆ ತಲುಪುವ ಹೊತ್ತಿಗೆ ಅಪ್ಪನಿಗೆ ಚಳಿ ಜ್ವರ ಏರಿ, ಹಲ್ಲು ಕಟಕಟ ಎನ್ನುತ್ತಿತ್ತು.

ಬಾಗಿಲಲ್ಲೇ ಅವರ ಮುಖ ಕಂಡಿತು. ಆ ಬಣ್ಣ ನನಗೆ ಪರಿಚಯವಿತ್ತು. ಸುಬೇದಾರ್ ಅಂಕಲ್ ಕ್ಯಾಮೆರಾದಲ್ಲಿ ಇದೇ ಬಣ್ಣ ಸ್ವಲ್ಪ ತೆಳ್ಳಗೆ ಇತ್ತು.

ಡಾಕ್ಟರ್ ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ. ನಾಳದಲ್ಲಿ ಏನೋ ಅಡ್ಡ ಕೂತಿದೆ, ಪಿತ್ತ ರಕ್ತಕ್ಕೆ ಸೇರುತ್ತಿದೆ, ಮೈ ಕೆರೆತವೂ ಅದರದ್ದೇ, ಕಲ್ಲೋ ಗಡ್ಡೆಯೋ ಸ್ಕ್ಯಾನ್ ಮಾಡದೆ ಹೇಳಲಾಗದು ಎಂದರು. ಕಲ್ಲಾದರೆ ತೆಗೆಯಬಹುದು. ಗಡ್ಡೆಯಾದರೆ ಏನು ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಣ್ಣು ಹಳದಿಯಾಗಿ ಎಷ್ಟು ದಿನ ಆಯಿತು ಎಂದು ಕೇಳಿದರು. ಅಮ್ಮ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಕಲಿತ ತನ್ನ ಹಿಂದಿಯಲ್ಲಿ, ಮೂರು ನಾಲ್ಕು ದಿನ ಇರಬಹುದು, ನಾವು ಗಮನಿಸಲೇ ಇಲ್ಲ ಎಂದಳು. ನಂಬಿಕೆ ಬರಲಿ ಎಂದು ತನ್ನ ಫೋನ್ ತೆಗೆದು ನನ್ನ ವಿಡಿಯೋ ತೋರಿಸಿದಳು. ನೋಡಿ ಡಾಕ್ಟರ್ ಸಾಹಿಬಾ, ಹೋದ ತಿಂಗಳು ಎಷ್ಟು ಚೆನ್ನಾಗಿದ್ದರು.

ಡಾಕ್ಟರ್ ವಿಡಿಯೋ ನೋಡಿ ತಲೆಯಾಡಿಸಿ, ಹಾಗಾದರೆ ಈಚೆಗೆ ಶುರುವಾದದ್ದು ಎಂದು ಬರೆದುಕೊಳ್ಳಲು ಹೊರಟರು.

"ಅಲ್ಲ," ಎಂದೆ. "ಇಪ್ಪತ್ತಾರು ದಿನ. ಕಡಿಮೆ ಅಂದರೂ."

ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿತ್ತು. ಸುಬೇದಾರ್ ಅಂಕಲ್ ಹಿಡಿದದ್ದನ್ನು ಹಾಗೇ, ನನ್ನ ಕೈ ತಾಗದ ಮೂಲ ರೂಪದಲ್ಲಿ ತೆರೆದು ಡಾಕ್ಟರ್ ಎದುರಿಗಿಟ್ಟೆ. ಅಪ್ಪ ಶಲ್ಯ ತೆಗೆದಿಟ್ಟು ಕೂತಿದ್ದಾರೆ, ಮುಂಗೈ ಕೆರೆದುಕೊಳ್ಳುತ್ತಿದ್ದಾರೆ, ಕಣ್ಣು ಎತ್ತಿ ಕ್ಯಾಮೆರಾ ನೋಡುತ್ತಾರೆ. ಡಾಕ್ಟರ್ ಅಲ್ಲೇ ನಿಲ್ಲಿಸಲು ಹೇಳಿ, ಹತ್ತಿರ ಬಗ್ಗಿ ನೋಡಿ, ಇಷ್ಟು ಸ್ಪಷ್ಟವಾಗಿ ಹಿಡಿದವರು ಯಾರು ಎಂದು ಕೇಳಿದರು. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶಂಸೆಯಿಲ್ಲ, ಅದು ಸೆನ್ಸರ್ ಹಾಳಾದ ಕ್ಯಾಮೆರಾಗೆ ಸಂದಿತು. ಆಮೇಲೆ ಅವರು ಅಮ್ಮನ ಫೋನನ್ನೂ ನನ್ನ ಲ್ಯಾಪ್‌ಟಾಪನ್ನೂ ಪಕ್ಕಪಕ್ಕದಲ್ಲಿಟ್ಟರು. ಅದೇ ದಿನ, ಅದೇ ಗಳಿಗೆ, ಅದೇ ಮನುಷ್ಯ. ಇಲ್ಲಿ ಹಳದಿ, ಅಲ್ಲಿ ಗುಲಾಬಿ. ಇದು ಹೇಗೆ ಎಂದರು.

ನಾನು ಬಣ್ಣ ಸರಿಪಡಿಸುವ ಕೆಲಸ ಮಾಡುತ್ತೇನೆ, ಈ ಹಳದಿಯನ್ನು ನಾನೇ ತೆಗೆದೆ ಎಂದು ಹೇಳಿದೆ. ಡಾಕ್ಟರಿಗೆ ಹೇಳಿದ್ದು ಅಮ್ಮನಿಗೂ ಅರ್ಥವಾಯಿತು. ಡಾಕ್ಟರ್ ಬೈಯಲಿಲ್ಲ. ಆಗಲೇ ಬಂದಿದ್ದರೆ ಸೋಂಕು ಹತ್ತುವ ಮೊದಲೇ ಮುಗಿಯುತ್ತಿತ್ತು ಎಂದಷ್ಟೇ ಹೇಳಿ ಎದ್ದು ಹೋದರು. ಬೈದಿದ್ದರೆ ಎದುರಿಗೆ ಏನಾದರೂ ವಾದಿಸಬಹುದಿತ್ತು.

ಕಾರಿಡಾರಿನ ಬೆಂಚಿನ ಮೇಲೆ ಅಮ್ಮನ ಪಕ್ಕ ಕೂತೆ. ಅವಳು ನನ್ನ ಕಡೆ ತಿರುಗದೆಯೇ ಕೇಳಿದಳು.

"ನಿನಗೆ ಕಂಡಿತ್ತಾ?"

"ಕಂಡಿತ್ತಮ್ಮ."

"ಕಂಡು ತೆಗೆದ್ಯಾ?"

ಶಲ್ಯ, ಶಾಮಿಯಾನ, ಸೆನ್ಸರ್ ಎಲ್ಲ ನಾಲಗೆಯ ತುದಿಗೆ ಬಂದವು. ಎಲ್ಲವನ್ನೂ ನುಂಗಿ, ತೆಗೆದೆ ಎಂದೆ. ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, "ಅವ್ರಿಗೆ ಹೇಳ್ಬೇಡ. ಮೊದ್ಲು ಎದ್ದು ಬರಲಿ" ಎಂದಳು.

ಸೋಂಕು ರಕ್ತಕ್ಕೆ ಇಳಿದಿತ್ತು. ನಾಲ್ಕು ದಿನ ಐಸಿಯುನಲ್ಲಿದ್ದರು. ಎರಡನೆಯ ದಿನ ಅವರಿಗೆ ನಾವು ಯಾರೆಂದೇ ತಿಳಿಯಲಿಲ್ಲ. ನನ್ನನ್ನು ನೋಡಿ ಯಾವುದೋ ಫೈಲು ಮೇಲಕ್ಕೆ ಹೋಯಿತೇ ಎಂದು ಕೇಳಿದರು. ಹೋಯಿತು ಸಾರ್ ಎಂದೆ, ಹೊರಗೆ ಬಂದು ಅತ್ತುಬಿಟ್ಟೆ. ಬಾಸ್ ಫೋನ್ ಮಾಡಿ, ಗುರುಗ್ರಾಮದ ಪಾರ್ಟಿ ಕಾಯುತ್ತಿದೆ, ಮದುಮಗಳ ಮುಖ ಇನ್ನೂ ಮುಗಿದಿಲ್ಲ ಎಂದು ನೆನಪಿಸಿದರು. ಅವಳು ಇರುವ ಹಾಗೇ ಇರಲಿ, ಅವಳಿಗೇನೂ ಆಗಿಲ್ಲ ಎಂದು ಕಿರುಚಿ ಫೋನ್ ಇಟ್ಟೆ. ಮೂರನೆಯ ದಿನ ಸ್ಕ್ಯಾನಿನ ವರದಿ ಬಂತು, ಕಲ್ಲು. ನಾಳಕ್ಕೆ ಕೊಳವೆ ಹಾಕಿ ಕಲ್ಲು ತೆಗೆದರು. ಕಲ್ಲು ಎಂಬ ಪದ ಕೇಳಿ ನಾನು ಮತ್ತು ಅಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತಬ್ಬಿಕೊಂಡು ನಿಂತದ್ದನ್ನು ನೋಡಿ, ಚಹಾದ ಭಯ್ಯಾ ಮೊಮ್ಮಗು ಹುಟ್ಟಿತೇ ಎಂದು ಕೇಳಿದ.

ಅಪ್ಪ ಮನೆಗೆ ಬಂದ ಮೇಲೆ ನಾನು ಒಂದು ತಿಂಗಳು ಫರೀದಾಬಾದಿನಲ್ಲೇ ಇದ್ದೆ. ಸುಬೇದಾರ್ ಅಂಕಲ್ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಆ ಹೊತ್ತಿಗೆ ಹೊಸ ಕ್ಯಾಮೆರಾ ತಗೊಂಡಾಗಿತ್ತು, ನನ್ನ ಮಾತು ಕೇಳಿ. ಅಪ್ಪನಿಗೆ ಮಾತ್ರ ನಾನೂ ಹೇಳಲಿಲ್ಲ, ಅಮ್ಮನೂ ಹೇಳಲಿಲ್ಲ. ದಿನಾ ಹೇಳಬೇಕು ಎಂದು ಅವರ ಕೋಣೆಗೆ ಹೋಗುವುದು, ಮಾತ್ರೆ ಕೊಟ್ಟು ವಾಪಸು ಬರುವುದು.

ಒಂದು ಬೆಳಿಗ್ಗೆ ಅಪ್ಪ ತಾವೇ ಗಡ್ಡ ಮಾಡಿಕೊಳ್ಳುತ್ತೇನೆಂದು ಬಚ್ಚಲಿನ ಕನ್ನಡಿ ಎದುರಿಗೆ ನಿಂತರು. ಕಾಲು ನಡುಗುತ್ತಿತ್ತು, ಹಿಡಿದುಕೊಳ್ಳಲು ನಾನು ಪಕ್ಕದಲ್ಲಿ ನಿಂತೆ. ಕನ್ನಡಿಯ ಮೇಲೆ ಕಣ್ಣು ಕುಕ್ಕುವಂಥ ಬಿಳಿ ಬಲ್ಬಿತ್ತು. ಇದು ಯಾವಾಗ ಹಾಕಿಸಿದಿರಿ ಎಂದು ಸುಮ್ಮನೆ ಕೇಳಿದೆ.

"ಅದಾ? ಜ್ವರ ಬರೋಕೆ ಸ್ವಲ್ಪ ದಿನ ಮುಂಚೆ," ಎಂದರು, ಕೆನ್ನೆಗೆ ನೊರೆ ಹಚ್ಚುತ್ತಾ. "ಕನ್ನಡೀಲಿ ಮುಖ ಹಳದಿ ಕಾಣಿಸ್ತಿತ್ತು ಕಣೇ. ಡಾಕ್ಟರ್ ಹತ್ರ ಹೋಗೋಣ ಅಂತ ಚಪ್ಪ್ಲಿ ಹಾಕ್ಕೊಂಡಿದ್ದೆ. ಅಷ್ಟರಲ್ಲಿ ನಿನ್ನ ವಿಡಿಯೋ ಬಂತು. ನೋಡಿದ್ರೆ ಅದರಲ್ಲಿ ಹಳದಿ ಇಲ್ವೇ ಇಲ್ಲ! ನಿನ್ನ ಕೆಲಸವೇ ಬಣ್ಣ ನೋಡೋದು. ನಿನಗೆ ಕಾಣದ್ದು ನನಗೆ ಕಾಣತ್ತಾ? ಬಲ್ಬೇ ಸರಿಯಿಲ್ಲ ಅಂತ ಬದಲಾಯಿಸಿದೆ. ಆಮೇಲೂ ಹಾಗೇ ಕಾಣಿಸ್ತು. ಸರಿ, ನನ್ನ ಕಣ್ಣೇ ಕೆಟ್ಟಿದೆ ಅಂತ ಕನ್ನಡಕದವನ ಹತ್ರ ಹೋದೆ."

ದೂರುವ ದನಿಯಲ್ಲ. ಮಗಳ ವಿದ್ಯೆಯ ಬಗ್ಗೆ ಹೆಮ್ಮೆಯಿಂದಲೇ ಹೇಳಿದರು. ನನಗೆ ತಡೆಯಲಾಗಲಿಲ್ಲ.

"ಅಪ್ಪ, ಹಳದಿ ಇತ್ತು. ಮೂರರಲ್ಲಿ ಎರಡು ಕ್ಯಾಮೆರಾದಲ್ಲಿ ಇತ್ತು. ನಾನೇ ಎರಡು ದಿನ ಕೂತು ತೆಗೆದೆ."

ಅವರು ರೇಜರ್ ಎತ್ತಿಕೊಂಡು ಒಂದು ಕೆನ್ನೆಯ ನೊರೆ ಪೂರ್ತಿ ತೆಗೆದರು. ಕನ್ನಡಿಯಲ್ಲಿ ನನ್ನನ್ನು ನೋಡಿದರು. ರೇಗುತ್ತಾರೆ ಎಂದುಕೊಂಡೆ, ರೇಗಲಿ ಎಂದೂ ಬಯಸಿದೆ.

"ಎರಡು ದಿನ ನನ್ನ ಮುಖಾನೇ ನೋಡ್ತಾ ಕೂತಿದ್ಯಾ?" ಎಂದರು.

"ಹೂಂ."

"ಒಂದು ಫೋನ್ ಮಾಡಿ, ಅಪ್ಪ ಹೇಗಿದೀರಾ ಅಂತ ಕೇಳಿದ್ರೆ ಹೇಳ್ತಿದ್ದೆನಲ್ಲೇ," ಎಂದು ರೇಜರ್ ನೀರಿಗೆ ಅದ್ದಿ ಇನ್ನೊಂದು ಕೆನ್ನೆಯ ಕಡೆ ತಿರುಗಿದರು.